ನೂಲು ಬಿಚ್ಚುವ ಕೈಗಳಿಗೆ ಕಾವಲು ಯಾವುದು? ರೇಷ್ಮೆ ರೀಲಿಂಗ್ ಘಟಕಗಳ ಸುರಕ್ಷತೆ: ತಿಳಿದಿರಬೇಕಾದ ಮಾಹಿತಿ

ಶಿಡ್ಲಘಟ್ಟ: ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಲಾಟು ನೂಲಾಗುವುದು ಊರ ಗಲ್ಲಿಗಳ ರೀಲಿಂಗ್ ಘಟಕಗಳಲ್ಲಿ. ಶಿಡ್ಲಘಟ್ಟ, ರಾಮನಗರ ಎರಡೂ ಕಡೆ ಸಾವಿರಾರು ಮನೆಗಳು ಇದರ ಮೇಲೇ ನಿಂತಿವೆ. ಆದರೆ ಅಲ್ಲಿ ದುಡಿಯೋರ ಆರೋಗ್ಯದ ಲೆಕ್ಕ ಇಡೋರು ಕಡಿಮೆ.

ಘಟಕಗಳು ಎಷ್ಟು ಬಗೆ?
ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್, ಆಟೋಮ್ಯಾಟಿಕ್ ಯಂತ್ರ ಎಂದು ನಾಲ್ಕು ಬಗೆ. ಚರಕದಲ್ಲಿ ಗೂಡು ಬೇಯಿಸುವುದು, ಎಳೆ ತೆಗೆಯುವುದು ಎರಡೂ ಒಂದೇ ಕುದಿನೀರಿನ ಪಾತ್ರೆಯಲ್ಲಿ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವುದು ಬೇರೆ ಕಡೆ, ಎಳೆ ತೆಗೆಯುವುದು ಬೆಚ್ಚಗಿನ ನೀರಿನಲ್ಲಿ. ಈ ಒಂದು ಬದಲಾವಣೆಯಿಂದಲೇ ಕೈ ಸುಡುವುದು ಎಷ್ಟೋ ತಗ್ಗುತ್ತದೆ.

ಏನು ತೊಂದರೆ?
* ದಿನವಿಡೀ ನೀರಿನಲ್ಲಿದ್ದು ಬೆರಳಿನ ಚರ್ಮ ಮೆತ್ತಗಾಗಿ ಬಿರಿಯುತ್ತದೆ, ಕೀವಾಗುತ್ತದೆ.
* ಗೂಡು, ಸತ್ತ ಹುಳುವಿನ ಅಂಶ ಗಾಳಿಯಲ್ಲಿ ಸೇರಿ ಕೆಲವರಿಗೆ ಉಬ್ಬಸ ತರುತ್ತದೆ. ರೇಷ್ಮೆ ಫಿಲೇಚರ್ ಕೆಲಸಗಾರರ ಆಸ್ತಮಾ ಬಗ್ಗೆ 1985ರಲ್ಲೇ ಅಧ್ಯಯನ ಪ್ರಕಟವಾಗಿದೆ.
* ಸೌದೆ ಒಲೆಯ ಹೊಗೆ, ಹಬೆ; ತಿರುಗುವ ಬೆಲ್ಟಿಗೆ ಸೆರಗು ಸಿಕ್ಕುವ ಅಪಾಯ.

ಕೆಲಸದ ದಿನ ಉಬ್ಬಸ ಜಾಸ್ತಿ, ರಜೆಯಲ್ಲಿ ಕಡಿಮೆ ಅನ್ನಿಸಿದರೆ ಅದು ಕೆಲಸದಿಂದಲೇ ಬಂದಿರಬಹುದು. ಡಾಕ್ಟರ್ ಬಳಿ ಹೋದಾಗ "ರೀಲಿಂಗ್ ಕೆಲಸ ಮಾಡ್ತೀನಿ" ಅಂತ ಮೊದಲೇ ಹೇಳಬೇಕು.

ಅಧ್ಯಯನ ಮಾಡೋರು ಯಾರು?
ಯಂತ್ರ, ತಂತ್ರಜ್ಞಾನದ ಸಂಶೋಧನೆ ಬೆಂಗಳೂರಿನ ಕೇಂದ್ರ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯದ್ದು. ವೃತ್ತಿಯಿಂದ ಬರುವ ಕಾಯಿಲೆಗಳ ಅಧ್ಯಯನಕ್ಕೆಂದೇ ಐಸಿಎಂಆರ್‌ನ ಪ್ರಾದೇಶಿಕ ಕೇಂದ್ರವೊಂದು ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ.

ಕಾನೂನು ಎಲ್ಲಿ ತಪ್ಪುತ್ತದೆ?
1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕೆಲಸಗಾರರಿದ್ದರೆ ಕಾರ್ಖಾನೆ ಎನ್ನುತ್ತಿತ್ತು. 2020ರ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿದೆ. ನಾಲ್ಕೈದು ಜನರ ಚರಕ ಮನೆ ಆಗಲೂ ಹೊರಗೆ, ಈಗಲೂ ಹೊರಗೆ. ಹತ್ತು ಹದಿನೈದು ಜನರ ಘಟಕವೂ ಈಗ ಆ ಲೆಕ್ಕದಿಂದ ಜಾರುತ್ತದೆ. ಹಾಗಾಗಿ ಇಲ್ಲಿ ಮಾಲೀಕರ ಕಾಳಜಿಯೇ ಮೊದಲ ಕಾವಲು.

ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
1. ಬೇಯಿಸುವ ಜಾಗ, ಎಳೆ ತೆಗೆಯುವ ಜಾಗ ಬೇರೆ ಮಾಡಿ.
2. ಒಲೆಗೆ ಚಿಮಣಿ, ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಹುಳುವನ್ನು ಆಗಿಂದಾಗ್ಗೆ ಹೊರಗೆ ಸಾಗಿಸಿ.
3. ಬೆಲ್ಟು, ಗಾಲಿಗೆ ಜಾಲರಿ ಮುಚ್ಚಿ.
4. ಕೈ ಒರೆಸಿ ಆರಿಸಿಕೊಳ್ಳಲು ನಡುನಡುವೆ ಬಿಡುವು ಕೊಡಿ.
5. ಮಾಸ್ಕ್ ಕೊನೆಯ ಉಪಾಯ. ಹೊಗೆಯನ್ನು ಹಾಗೇ ಬಿಟ್ಟು ಮಾಸ್ಕ್ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ.

ಕೆಲಸಗಾರರಿಗೆ
10 ಅಥವಾ ಹೆಚ್ಚು ಜನರಿರುವ ಘಟಕದಲ್ಲಿ ತಿಂಗಳಿಗೆ 21,000 ರೂ.ವರೆಗೆ ಸಂಬಳ ಪಡೆಯೋರು ಇಎಸ್‌ಐ ಬಗ್ಗೆ ಕೇಳಬೇಕು. ಸಣ್ಣ ಘಟಕದವರು ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಬಹುದು. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂ. ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದಿಂದ ಸಾವಾದರೆ 2 ಲಕ್ಷ ರೂ. ಸಿಗುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಕಂಡರೆ 1098ಕ್ಕೆ ಕರೆ ಮಾಡಿ.