ಹೆಣ್ಣಿನ ಹೃದಯಕ್ಕೆ ಗಂಡಸಿನ ಅಳತೆ

1964ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಒರೆಗಾನ್‌ನಲ್ಲಿ ಹೆಂಗಸರಿಗೆಂದೇ ಸಮಾವೇಶ ನಡೆಸಿತು. ಅಲ್ಲಿ ಕಲಿಸಿದ್ದು ಗಂಡನ ಹೃದಯ ಕಾಪಾಡುವ ಬಗೆಯನ್ನು. ಹೃದ್ರೋಗ ಗಂಡಸರದೆಂಬ ನಂಬಿಕೆ ಸಂಶೋಧನೆಯಲ್ಲೂ ಬೇರೂರಿತ್ತು. ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆಯೇ ಎಂದು 80ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನಕ್ಕೆ 22,071 ವೈದ್ಯರನ್ನು ಸೇರಿಸಿಕೊಂಡರು. ಅವರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ.

ಇದನ್ನು ಬಹಿರಂಗವಾಗಿ ಪ್ರಶ್ನಿಸಿದವರು ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದ ಮೊದಲ ಮಹಿಳೆ ಅವರು. ತನ್ನ ಕಾಯಿಲೆ ಗಂಡಸಿನದರಂತೆಯೇ ಇದೆಯೆಂದು ಸಾಬೀತಾದ ಮೇಲಷ್ಟೇ ಹೆಣ್ಣಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿದೆ ಎಂದು 1991ರಲ್ಲಿ ಬರೆದರು. ಸರ್ಕಾರಿ ಹಣದ ಸಂಶೋಧನೆಯಲ್ಲಿ ಮಹಿಳೆಯರೂ ಇರಬೇಕೆಂಬ ಕಾನೂನು 1993ರಲ್ಲಿ ಬಂತು.

1996ರಲ್ಲಿ ಶುರುವಾದ 'ವೈಸ್' ಅಧ್ಯಯನ ಮತ್ತೊಂದು ಕುರುಡುತನವನ್ನು ಬಯಲಿಗೆಳೆಯಿತು. ಆಂಜಿಯೋಗ್ರಾಮ್ ತೋರಿಸುವುದು ದೊಡ್ಡ ರಕ್ತನಾಳಗಳನ್ನು. ಬ್ಲಾಕ್ ಇಲ್ಲ, ಮನೆಗೆ ಹೋಗಿ ಎನಿಸಿಕೊಂಡ ಎಷ್ಟೋ ಮಹಿಳೆಯರಲ್ಲಿ ಕಣ್ಣಿಗೆ ಬೀಳದ ಸಣ್ಣ ನಾಳಗಳೇ ಸರಿಯಾಗಿ ಹಿಗ್ಗುತ್ತಿರಲಿಲ್ಲ. ಅವರ ಎದೆನೋವು ಮನಸ್ಸಿನ ಭ್ರಮೆಯಾಗಿರಲಿಲ್ಲ.

ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಎಂಬ ಮಾತನ್ನೂ ಈಗ ಬಿಡಬೇಕು. 55 ವರ್ಷದೊಳಗಿನ ಹೃದಯಾಘಾತದ ರೋಗಿಗಳನ್ನು ಗಮನಿಸಿದ 'ವರ್ಗೋ' ಅಧ್ಯಯನದಲ್ಲಿ ಶೇ. 87ರಷ್ಟು ಮಹಿಳೆಯರು ಎದೆಯ ನೋವು, ಒತ್ತಡ ಅಥವಾ ಬಿಗಿತ ಹೇಳಿಕೊಂಡಿದ್ದರು. ಜೊತೆಗೆ ಹೊಟ್ಟೆ ತೊಳಸುವುದು, ದವಡೆ ನೋವು, ಏದುಸಿರಿನಂಥ ಲಕ್ಷಣಗಳು ಅವರಲ್ಲಿ ಹೆಚ್ಚು. ಆಸ್ಪತ್ರೆ ಸೇರುವ ಮೊದಲೇ ವೈದ್ಯರಲ್ಲಿಗೆ ಹೋಗಿದ್ದವರ ಪೈಕಿ ಶೇ. 53ರಷ್ಟು ಮಹಿಳೆಯರು, ಇದು ಹೃದಯದ ತೊಂದರೆಯೆಂದು ವೈದ್ಯರಿಗೆ ಅನಿಸಲಿಲ್ಲ ಎಂದರು; ಗಂಡಸರಲ್ಲಿ ಹಾಗೆಂದವರು ಶೇ. 37. ನಮ್ಮಲ್ಲಂತೂ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ, ಎಷ್ಟೋ ಸಲ ಆಕೆಯೂ ಕೂಡ. ಒಂದು ಇಸಿಜಿಗೆ ಕೆಲವೇ ನಿಮಿಷ ಸಾಕು. ಗುಳಿಗೆ ನುಂಗಿ ಕಾಯುವ ಬದಲು ಅದನ್ನು ಮಾಡಿಸಬೇಕು.

ನನ್ನ ದೃಷ್ಟಿಯಲ್ಲಿ ಇತ್ತೀಚಿನ ಅತಿ ಮುಖ್ಯ ಹೆಜ್ಜೆ ಟ್ರೋಪೋನಿನ್ ಪರೀಕ್ಷೆಯದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್ ಇದು. ಆರೋಗ್ಯವಂತ ಮಹಿಳೆಯರ ರಕ್ತದಲ್ಲಿ ಇದು ಗಂಡಸರಿಗಿಂತ ಕಡಿಮೆ. ಆದರೂ ಇಬ್ಬರಿಗೂ ಒಂದೇ ಮಿತಿ ಇತ್ತು. ಎಡಿನ್‌ಬರೋದ ಸಂಶೋಧಕರು ಹೆಚ್ಚು ಸೂಕ್ಷ್ಮವಾದ ಪರೀಕ್ಷೆಯಲ್ಲಿ ಲೀಟರಿಗೆ ಮಹಿಳೆಯರಿಗೆ 16, ಪುರುಷರಿಗೆ 34 ನ್ಯಾನೋಗ್ರಾಂ ಎಂದು ಬೇರೆ ಬೇರೆ ಮಿತಿ ಇಟ್ಟರು. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಹೃದಯಾಘಾತ ಪತ್ತೆಯಾದ ಮಹಿಳೆಯರ ಪ್ರಮಾಣ ಶೇ. 11ರಿಂದ 22ಕ್ಕೇರಿತು, ಗಂಡಸರಲ್ಲಿ 19ರಿಂದ 21ಕ್ಕೆ ಮಾತ್ರ.

ಮುಂದೆ ಸ್ಕಾಟ್ಲೆಂಡಿನ ಹತ್ತು ಆಸ್ಪತ್ರೆಗಳಲ್ಲಿ, 48,282 ರೋಗಿಗಳಲ್ಲಿ ಈ ಕ್ರಮದ ಫಲ ನೋಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾದದ್ದು ಪತ್ತೆಯಾದ ಮಹಿಳೆಯರ ಸಂಖ್ಯೆ ಇಲ್ಲೂ ಹೆಚ್ಚಿತು. ಆದರೆ ಒಂದು ವರ್ಷದೊಳಗಿನ ಮರು ಹೃದಯಾಘಾತ, ಹೃದ್ರೋಗದ ಸಾವುಗಳು ತಗ್ಗಲಿಲ್ಲ. ಹೀಗೆ ಪೆಟ್ಟು ಪತ್ತೆಯಾದವರಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಸಿಕ್ಕಿದ್ದು ಶೇ. 34ರಷ್ಟು ಗಂಡಸರಿಗೆ, ಶೇ. 15ರಷ್ಟು ಮಹಿಳೆಯರಿಗೆ.