ಗರ್ಭಾವಧಿಯ ಆತಂಕ: ಫಾಸ್ಟರ್ ಸಿಟಿಯ ವಲಸಿಗ ಕನ್ನಡ ಕುಟುಂಬಗಳಲ್ಲಿ

ಮಗುವಿನ ಆರೋಗ್ಯ, ಹೆರಿಗೆಯ ನೋವು, ಮುಂದಿನ ಸಂಸಾರ ಮುಂತಾದವುಗಳ ಬಗ್ಗೆ ಬಸುರಿಯಲ್ಲಿ ಹುಟ್ಟುವ ಕಳವಳವು ಸಹಜ ಮಿತಿಯನ್ನು ಮೀರಿ ನಿದ್ರೆ, ಊಟ ಮತ್ತು ದಿನನಿತ್ಯದ ಕೆಲಸಗಳನ್ನು ಕೆಡಿಸುವ ಸ್ಥಿತಿಯನ್ನು ಗರ್ಭಾವಧಿಯ ಆತಂಕ ಎನ್ನಲಾಗುತ್ತದೆ. ಹೆರಿಗೆಯನ್ನು ಕುರಿತ ವಿಪರೀತ ಭಯಕ್ಕೆ ಟೋಕೋಫೋಬಿಯಾ ಎಂಬ ಹೆಸರಿದೆ. 34 ದೇಶಗಳ 102 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆತಂಕದ ಲಕ್ಷಣಗಳು ಮೊದಲ ಮೂರು ತಿಂಗಳಲ್ಲಿ ಸುಮಾರು ಶೇ. 18ರಷ್ಟು, ಕೊನೆಯ ಮೂರು ತಿಂಗಳಲ್ಲಿ ಸುಮಾರು ಶೇ. 25ರಷ್ಟು ಗರ್ಭಿಣಿಯರಲ್ಲಿ ಕಂಡುಬರುತ್ತವೆ.

1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೌಗುನೆಲಕ್ಕೆ ಮಣ್ಣು, ಮರಳು ತುಂಬಿ ಕಟ್ಟಿದ, ಅಮೆರಿಕದ ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ತಂತ್ರಜ್ಞಾನ ಉದ್ಯೋಗಗಳಿಗಾಗಿ ಬಂದ ಭಾರತೀಯ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿವೆ. ಕನ್ನಡ ಮನೆತನಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿ ಇಲ್ಲಿ ತಿರುವುಮುರುವಾಗಿ, ಮಗಳು ತವರಿಗೆ ಹೋಗುವ ಬದಲು ತಾಯಿಯೋ ಅತ್ತೆಯೋ ಬಾಣಂತನಕ್ಕೆ ಪ್ರವಾಸಿ ವೀಸಾದ ಮೇಲೆ ಬರುತ್ತಾರೆ. ಆ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದು 6 ತಿಂಗಳ ವಾಸ್ತವ್ಯ ಮಾತ್ರವಾದ್ದರಿಂದ, ಅವರು ಹೆರಿಗೆಗೆ ಮೊದಲೇ ಬರಬೇಕೋ ನಂತರ ಹೆಚ್ಚು ದಿನ ಉಳಿಯಬೇಕೋ ಎಂಬ ಲೆಕ್ಕಾಚಾರವೇ ಒಂದು ಚಿಂತೆಯಾಗುತ್ತದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಪತಿಯ ಉದ್ಯೋಗ ಹೋದರೆ ಬೇರೆ ಕೆಲಸ ಹುಡುಕಲು ಇರುವ ಗಡುವು ಹೆಚ್ಚೆಂದರೆ 60 ದಿನ. ಆರೋಗ್ಯ ವಿಮೆಯೂ ಬಹುಮಟ್ಟಿಗೆ ಅದೇ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಪತ್ನಿಯು ಎಚ್-4 ಅವಲಂಬಿತಳಾಗಿದ್ದರೆ 2015ರವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ, ನಂತರವೂ ಅದು ದೊರೆತದ್ದು ಕೆಲವರಿಗಷ್ಟೆ. ಇಂತಹ ಕಳವಳವನ್ನು ಹಾರ್ಮೋನುಗಳ ತಲೆಗೆ ಕಟ್ಟುವುದು ಅರ್ಧ ವಿವರಣೆಯಷ್ಟೇ ಆದೀತು.

ಸೀಮಂತ, ಹಸಿರು ಬಳೆ ತೊಡಿಸುವ ಶಾಸ್ತ್ರ, ಗೆಳತಿಯರು ಸರದಿಯಲ್ಲಿ ತಂದುಕೊಡುವ ಬಯಕೆಯ ಅಡುಗೆ, ಕೊಲ್ಲಿಯ ದಂಡೆಯ ಏರಿಯ ಮೇಲಿನ ನಡಿಗೆ, ಊರಿನೊಡನೆ ವಿಡಿಯೊ ಕರೆ ಇವೆಲ್ಲ ಒಂಟಿತನವನ್ನು ತಗ್ಗಿಸುತ್ತವೆ. ಆದರೆ ಹಿರಿಯರ "ಬಸಿರಲ್ಲಿ ಎಲ್ಲರಿಗೂ ಹೀಗೇ" ಎಂಬ ಸಮಾಧಾನವು ಸಾಮಾನ್ಯ ಕಳವಳಕ್ಕೆ ಸಾಕಾದರೂ, ಎದೆಬಡಿತ, ನಿದ್ರಾಹೀನತೆ ವಾರಗಟ್ಟಲೆ ಉಳಿದಾಗ ಚಿಕಿತ್ಸೆಯನ್ನು ತಡಮಾಡಿಸುತ್ತದೆ.

ಗರ್ಭಿಣಿಯರ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯವನ್ನು ವೈದ್ಯರು ವಿಚಾರಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2019ರ ಜುಲೈನಲ್ಲಿ ಜಾರಿಗೆ ಬಂದಿತು. ಇದಕ್ಕೆ ಬಳಸುವ ಸಾಧನಗಳಲ್ಲಿ 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಮಾಪಕವು ಮುಖ್ಯವಾದುದು. ಅದರ 10 ಪ್ರಶ್ನೆಗಳಲ್ಲಿ 3 ಆತಂಕಕ್ಕೆ ಸಂಬಂಧಿಸಿದವು, ಮತ್ತು ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ 2009ರಿಂದ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವನ್ನು ನಡೆಸುತ್ತಿದೆ. ಸೌಮ್ಯ ಆತಂಕಕ್ಕೆ ಆಪ್ತಸಮಾಲೋಚನೆ ಮತ್ತು ಯೋಚನೆಯ ಜಾಡನ್ನು ಬದಲಿಸಲು ಕಲಿಸುವ ವರ್ತನಾ ಚಿಕಿತ್ಸೆ ಸಾಕಾಗಬಹುದು. ತೀವ್ರವಾದಾಗ ಔಷಧಿ ಬೇಕಾಗಬಹುದು, ಮತ್ತು ಮೊದಲೇ ಔಷಧಿ ಸೇವಿಸುತ್ತಿದ್ದವರು ಬಸಿರು ನಿಂತಿತೆಂದು ವೈದ್ಯರನ್ನು ಕೇಳದೆ ಅದನ್ನು ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯವಿರುತ್ತದೆ.