ಗೆರೆಯಿಂದ ಚೌಕಕ್ಕೆ: ಬಾರ್‌ಕೋಡ್ ಮತ್ತು ಕ್ಯುಆರ್ ಕೋಡ್ ನಡೆದುಬಂದ ದಾರಿ

ಬಾರ್‌ಕೋಡ್ ಎಂದರೆ ಯಂತ್ರ ಓದಲೆಂದೇ ಬರೆದ ಅಂಕಿ. ಸೋಪು, ಬಿಸ್ಕತ್ತು, ಪುಸ್ತಕಗಳ ಹಿಂಬದಿಯ ಕಪ್ಪು ಗೆರೆಗಳ ಪಟ್ಟಿ ಅದರ ಹಳೆಯ ರೂಪ. ಎಳನೀರಿನ ಗಾಡಿಯಿಂದ ಮೆಟ್ರೊ ಟಿಕೆಟ್‌ವರೆಗೆ ಎಲ್ಲೆಡೆ ಕಾಣುವ ಕ್ಯುಆರ್ ಕೋಡಿನ ಚೌಕ ಅದರ ನಂತರದ ರೂಪ. ಮೊದಲನೆಯದು ಅಮೆರಿಕದ ದಿನಸಿ ಅಂಗಡಿಗಳ ಗಲ್ಲಾದ ಮುಂದೆ ನಿಂತ ಸಾಲನ್ನು ಕರಗಿಸಲು ಹುಟ್ಟಿತು, ಎರಡನೆಯದು ಜಪಾನಿನ ಕಾರ್ಖಾನೆ ಕೆಲಸಗಾರರ ಕೈಶ್ರಮ ಇಳಿಸಲು. ಹಣ ಕೊಡುವ ಸಾಧನವಾಗಲೆಂದು ಎರಡನ್ನೂ ಯಾರೂ ರೂಪಿಸಿರಲಿಲ್ಲ. ಆದರೆ ಎರಡೂ ಕೆಲಸದ ವೇಗ ಹೆಚ್ಚಿಸಿದಲ್ಲೆಲ್ಲ ಲೆಕ್ಕವನ್ನೂ ಜೊತೆಗೇ ತಂದವು.

ಮರಳಿನ ಮೇಲೆ ಎಳೆದ ಗೆರೆ

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸೂಪರ್‌ಮಾರ್ಕೆಟ್‌ಗಳು ವೇಗವಾಗಿ ಹಬ್ಬಿದವು. ಗಿರಾಕಿಯೇ ಕಪಾಟಿನಿಂದ ಸಾಮಾನು ಆರಿಸಿ ತರುವ ಪದ್ಧತಿಯಿಂದ ಅಂಗಡಿಯೊಳಗಿನ ಕೆಲಸ ಹಗುರಾಯಿತು, ಗಲ್ಲಾದ ಕೆಲಸ ಮಾತ್ರ ಹಾಗೇ ಉಳಿಯಿತು. ಪ್ರತಿ ಡಬ್ಬಿಯ ಮೇಲಿನ ಬೆಲೆಚೀಟಿ ಹುಡುಕಿ, ಆ ಬೆಲೆಯನ್ನು ಯಂತ್ರದ ಗುಂಡಿಗಳಲ್ಲಿ ಒತ್ತಬೇಕಿತ್ತು. ಯಾವ ಸರಕು ಎಷ್ಟು ಉಳಿದಿದೆ ಎಂದು ತಿಳಿಯಲು ಕಪಾಟಿನಲ್ಲಿದ್ದುದನ್ನು ಕೈಯಿಂದಲೇ ಎಣಿಸಬೇಕಿತ್ತು.

1948ರಲ್ಲಿ ಅಂಥದೊಂದು ದಿನಸಿ ಮಳಿಗೆಗಳ ಸರಪಳಿಯ ಮುಖ್ಯಸ್ಥರು ಫಿಲಡೆಲ್ಫಿಯಾದ ಡ್ರೆಕ್ಸೆಲ್ ತಂತ್ರಜ್ಞಾನ ಸಂಸ್ಥೆಗೆ ಬಂದು, ಗಲ್ಲಾದಲ್ಲಿ ಸರಕಿನ ವಿವರ ತಾನಾಗಿ ದಾಖಲಾಗುವ ಉಪಾಯ ಕಂಡುಹಿಡಿಯುವಂತೆ ಡೀನ್ ಒಬ್ಬರನ್ನು ಕೇಳಿಕೊಂಡರು. ಡೀನ್ ಒಪ್ಪಲಿಲ್ಲ. ಆ ಮಾತು ಕಿವಿಗೆ ಬಿದ್ದ ವಿದ್ಯಾರ್ಥಿ ಬರ್ನಾರ್ಡ್ ಸಿಲ್ವರ್ ಅದನ್ನು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ತಿಳಿಸಿದರು. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಶಾಯಿಯ ಮೇಲೆ ಇಬ್ಬರೂ ಮೊದಲು ಪ್ರಯೋಗ ನಡೆಸಿದರು. ಆ ಶಾಯಿ ದುಬಾರಿಯಾಗಿತ್ತು, ಬೇಗ ಮಾಸುತ್ತಲೂ ಇತ್ತು.

ಆ ಚಳಿಗಾಲ ವುಡ್‌ಲ್ಯಾಂಡ್ ಫ್ಲೋರಿಡಾದಲ್ಲಿ ಅಜ್ಜನ ಮನೆಯಲ್ಲಿದ್ದರು. ಅವರಿಗೆ ಗೊತ್ತಿದ್ದ ಸಂಕೇತ ಲಿಪಿ ಒಂದೇ, ಬಾಲ್ಯದಲ್ಲಿ ಸ್ಕೌಟ್‌ನಲ್ಲಿ ಕಲಿತ ಮೋರ್ಸ್. ಮಿಯಾಮಿಯ ಕಡಲತೀರದಲ್ಲಿ ಕೂತು ಮರಳಿನ ಮೇಲೆ ಮೋರ್ಸಿನ ಚುಕ್ಕಿ ಮತ್ತು ಅಡ್ಡಗೆರೆಗಳನ್ನು ಗುರುತಿಸಿ, ಬೆರಳುಗಳನ್ನು ಹಾಗೇ ತಮ್ಮತ್ತ ಎಳೆದುಕೊಂಡಾಗ ಚುಕ್ಕಿಗಳು ತೆಳು ಗೆರೆಗಳಾದವು, ಅಡ್ಡಗೆರೆಗಳು ದಪ್ಪ ಪಟ್ಟಿಗಳಾದವು. ಗೆಳೆಯರಿಬ್ಬರೂ 1949ರ ಅಕ್ಟೋಬರ್ 20ರಂದು ಪೇಟೆಂಟಿಗೆ ಅರ್ಜಿ ಹಾಕಿದರು, 1952ರ ಅಕ್ಟೋಬರ್ 7ರಂದು ಅದು ಕೈಸೇರಿತು. ಗೆರೆಗಳ ಜೊತೆಗೆ ಒಂದರೊಳಗೊಂದು ವೃತ್ತಗಳಿರುವ ವಿನ್ಯಾಸವೂ ಅದರಲ್ಲಿತ್ತು, ಏಕೆಂದರೆ ವೃತ್ತವನ್ನು ಯಾವ ದಿಕ್ಕಿನಿಂದಲಾದರೂ ಓದಬಹುದು.

ಆದರೆ ಓದುವ ಯಂತ್ರ ಅಂಗಡಿಗೆ ಒಗ್ಗುವಂತಿರಲಿಲ್ಲ. ಅವರು ಕಟ್ಟಿದ ಮಾದರಿ ಒಂದು ಮೇಜಿನಷ್ಟು ದೊಡ್ಡದಿತ್ತು, 500 ವಾಟ್ ಬಲ್ಬಿನ ಕಾವಿಗೆ ಕಾಗದದಿಂದ ಹೊಗೆ ಏಳುತ್ತಿತ್ತು. ಚಿಕ್ಕ ಜಾಗದ ಮೇಲೆ ತೀಕ್ಷ್ಣವಾಗಿ ಬೀಳುವ ಬೆಳಕೂ ಅಗ್ಗದ ಕಂಪ್ಯೂಟರೂ ಆಗ ಇರಲಿಲ್ಲ. ಲೇಸರ್ ಬಂದದ್ದು 1960ರಲ್ಲಿ. ಪೇಟೆಂಟಿನ ಅವಧಿ 1969ರಲ್ಲಿ ಮುಗಿಯಿತು. ಸಿಲ್ವರ್ ಅದಕ್ಕೂ ಮೊದಲೇ, 1963ರಲ್ಲಿ ತೀರಿಕೊಂಡಿದ್ದರು. ಈ ನಡುವೆ ಅಮೆರಿಕದ ರೈಲ್ವೆಗಳು ಸರಕು ವ್ಯಾಗನ್‌ಗಳ ಮೇಲೆ ಬಣ್ಣದ ಪಟ್ಟಿಗಳ ಕೋಡ್ ಅಂಟಿಸಿದವು, ದೂಳು ಕೂತಾಗ ಪಟ್ಟಿಗಳನ್ನು ಓದಲಾಗದೆ 1970ರ ದಶಕದ ಕೊನೆಯ ಹೊತ್ತಿಗೆ ಕೈಬಿಟ್ಟವು.

67 ಸೆಂಟಿನ ಚ್ಯೂಯಿಂಗ್ ಗಮ್

ಪ್ರತಿ ಅಂಗಡಿ ತನ್ನದೇ ಕೋಡ್ ಹಾಕಿಕೊಂಡರೆ ತಯಾರಕರಿಗೆ ಉಪಯೋಗವಿರಲಿಲ್ಲ. ಪೊಟ್ಟಣ ಮುದ್ರಣವಾಗುವಾಗಲೇ ಕೋಡ್ ಸೇರಬೇಕು, ಅದು ಎಲ್ಲ ಅಂಗಡಿಗಳಲ್ಲೂ ನಡೆಯಬೇಕು. ಅದಕ್ಕಾಗಿ ಅಮೆರಿಕದ ದಿನಸಿ ಉದ್ಯಮ ಸಮಿತಿಯೊಂದನ್ನು ಮಾಡಿ ವಿನ್ಯಾಸಗಳನ್ನು ಆಹ್ವಾನಿಸಿತು. ಆರ್‌ಸಿಎ ಕಂಪನಿ ವೃತ್ತದ ಕೋಡನ್ನು 1972ರಲ್ಲಿ ಸಿನ್ಸಿನಾಟಿಯ ಅಂಗಡಿಯೊಂದರಲ್ಲಿ ಪರೀಕ್ಷಿಸಿತು. ಮುದ್ರಣ ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ಶಾಯಿ ಹರಡಿದಾಗ ವೃತ್ತದ ಆಕಾರ ಕೆಡುತ್ತಿತ್ತು. ಐಬಿಎಮ್‌ನ ಜಾರ್ಜ್ ಲಾರರ್ ನೇರ ಗೆರೆಗಳಿಗೆ ಮರಳಿದರು. ಗೆರೆಯ ಉದ್ದಕ್ಕೆ ಶಾಯಿ ಹರಡಿದರೆ ಗೆರೆ ಇನ್ನಷ್ಟು ಉದ್ದವಾಗುತ್ತದೆ, ಅದರ ದಪ್ಪ ಬದಲಾಗದು. 1973ರ ಏಪ್ರಿಲ್ 3ರಂದು ಸಮಿತಿ ಅವರ ವಿನ್ಯಾಸವನ್ನು ಆರಿಸಿತು. ವುಡ್‌ಲ್ಯಾಂಡ್ ಆಗ ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದರು.

ಓಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ 1974ರ ಜೂನ್ 26ರ ಬೆಳಿಗ್ಗೆ ರಿಗ್ಲಿ ಕಂಪನಿಯ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಸ್ಕ್ಯಾನರ್ ಮೇಲೆ ಹಾದುಹೋಯಿತು. ಗಲ್ಲಾ ಯಂತ್ರ 67 ಸೆಂಟ್ ಎಂದು ತೋರಿಸಿತು. ಈ ಬಗೆಯ ಕೋಡಿನಿಂದ ನಡೆದ ಮೊದಲ ಮಾರಾಟ ಅದು.

ಕೋಡ್ ಓದುವ ಬಗೆ ಸರಳ. ಬಿಳಿ ಜಾಗ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಪ್ರತಿ ಅಂಕಿಗೆ ಏಳು ಪಾಲಿನಷ್ಟು ಅಗಲ, ಅದರಲ್ಲಿ ಎರಡು ಕಪ್ಪು ಗೆರೆ, ಎರಡು ಬಿಳಿ ಗೆರೆ. ಗೆರೆಗಳ ದಪ್ಪ ಬದಲಾದಂತೆ ಅಂಕಿ ಬದಲಾಗುತ್ತದೆ. ಎಡ ಅರ್ಧಕ್ಕೂ ಬಲ ಅರ್ಧಕ್ಕೂ ಬರವಣಿಗೆ ಬೇರೆ ಇರುವುದರಿಂದ ಪೊಟ್ಟಣ ತಲೆಕೆಳಗಾಗಿದ್ದರೂ ಯಂತ್ರ ಗುರುತಿಸುತ್ತದೆ.

ಕೊನೆಯ ಅಂಕಿ ತಾಳೆ ನೋಡಲು ಇಟ್ಟದ್ದು. ಭಾರತದಲ್ಲಿ ಕಾಣುವ 13 ಅಂಕಿಯ ಕೋಡಿನಲ್ಲಿ ಮೊದಲ ಹನ್ನೆರಡರ ಪೈಕಿ ಬೆಸಸ್ಥಾನದವನ್ನು ಹಾಗೇ ಕೂಡಿ, ಸಮಸ್ಥಾನದವುಗಳ ಮೊತ್ತವನ್ನು ಮೂರರಿಂದ ಗುಣಿಸಿ ಅದಕ್ಕೆ ಸೇರಿಸಬೇಕು. ಬಂದ ಸಂಖ್ಯೆಯನ್ನು ಹತ್ತರ ಮಗ್ಗಿಯ ಮುಂದಿನ ಸಂಖ್ಯೆಗೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಉದಾಹರಣೆಗೆ 890123456789 ಎಂಬ ಹನ್ನೆರಡು ಅಂಕಿಗಳಲ್ಲಿ ಬೆಸಸ್ಥಾನದ ಮೊತ್ತ 28, ಸಮಸ್ಥಾನದ ಮೊತ್ತ 34. ಮೂವತ್ತನಾಲ್ಕರ ಮೂರರಷ್ಟು 102, ಒಟ್ಟು 130. ಆಗಲೇ ಹತ್ತರ ಮಗ್ಗಿಯಲ್ಲಿರುವುದರಿಂದ ತಾಳೆ ಅಂಕಿ 0. ನಡುವೆ ಯಾವುದಾದರೂ ಒಂದು ಅಂಕಿ ತಪ್ಪಾಗಿ ಓದಿದರೂ ಲೆಕ್ಕ ಕೂಡಿಬಾರದೆ ಯಂತ್ರ ಆ ಓದನ್ನು ತಿರಸ್ಕರಿಸುತ್ತದೆ.

ಕೋಡಿನಲ್ಲಿ ಬೆಲೆ ಇಲ್ಲ, ವಸ್ತುವಿನ ಗುರುತಿನ ಸಂಖ್ಯೆ ಮಾತ್ರ ಇದೆ. ಬೆಲೆ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ. ಅಮೆರಿಕದ ಗ್ರಾಹಕ ಸಂಘಟನೆಗಳು ಸಿಟ್ಟಾದದ್ದು ಇದಕ್ಕೇ. ಪೊಟ್ಟಣದ ಮೇಲಿನ ಬೆಲೆಚೀಟಿ ಮಾಯವಾದರೆ ಅಂಗಡಿಯವರು ಗುಟ್ಟಾಗಿ ದರ ಏರಿಸಬಹುದೆಂಬ ಭಯವಿತ್ತು. ಕೆಲವು ರಾಜ್ಯಗಳು ಪ್ರತಿ ವಸ್ತುವಿನ ಮೇಲೂ ಬೆಲೆ ಇರಬೇಕೆಂದು ಕಾನೂನು ಮಾಡಿದವು. ಅಂಗಡಿಯವರಿಗೆ ಅಷ್ಟರಲ್ಲಿ ಇನ್ನೊಂದು ಲಾಭ ಕಂಡಿತ್ತು. ಯಾವ ಸರಕು ಯಾವ ದಿನ ಎಷ್ಟು ಹೋಯಿತು ಎಂಬ ಲೆಕ್ಕ, ಯಾರೂ ಎಣಿಸದೆಯೇ, ಬಿಲ್ಲಿನ ಜೊತೆಗೆ ಸಿದ್ಧವಾಗುತ್ತಿತ್ತು.

890ರ ಅರ್ಥ

ಯುರೋಪಿನ ದೇಶಗಳು 1977ರಲ್ಲಿ ಕೂಡಿಕೊಂಡು 13 ಅಂಕಿಯ ಪದ್ಧತಿ ಆರಂಭಿಸಿದವು. ಅದೇ ಮುಂದೆ ಜಗತ್ತಿನಾದ್ಯಂತ ಹರಡಿ ಜಿಎಸ್1 ಎಂಬ ಸಂಸ್ಥೆಯ ಅಡಿಗೆ ಬಂತು. ಭಾರತದ ಶಾಖೆಗೆ ಸಿಕ್ಕ ಆರಂಭದ ಅಂಕಿಗಳು 890. ಇದರಿಂದ ಹುಟ್ಟಿದ ಒಂದು ತಪ್ಪು ತಿಳಿವಳಿಕೆ ಮೊಬೈಲಿನಿಂದ ಮೊಬೈಲಿಗೆ ಇಂದಿಗೂ ಹರಿದಾಡುತ್ತದೆ: 890 ಇದ್ದರೆ ಸ್ವದೇಶಿ ವಸ್ತು, 690 ಇದ್ದರೆ ಚೀನಾದ್ದು ಎಂದು. ಕಂಪನಿ ಯಾವ ದೇಶದ ಶಾಖೆಯಲ್ಲಿ ಸಂಖ್ಯೆ ಪಡೆಯಿತು ಎಂಬುದಷ್ಟೇ ಆ ಅಂಕಿಗಳಿಂದ ತಿಳಿಯುತ್ತದೆ. ಇಲ್ಲಿ ಸಂಖ್ಯೆ ಪಡೆದ ಕಂಪನಿ ಹೊರದೇಶದಲ್ಲಿ ತಯಾರಿಸಿದ ವಸ್ತುವಿಗೂ 890 ಹಾಕಬಹುದು. ತಯಾರಾದ ಜಾಗ ತಿಳಿಯಲು ಪೊಟ್ಟಣದ ಮೇಲೆ ಅಕ್ಷರದಲ್ಲಿರುವ ವಿಳಾಸವನ್ನೇ ನೋಡಬೇಕು. ಪುಸ್ತಕಗಳ ಕೋಡಿನ ಆರಂಭದಲ್ಲಂತೂ ದೇಶದ ಅಂಕಿಯೇ ಇಲ್ಲ. 978ರಿಂದ ಶುರುವಾಗುವ ಅವುಗಳ ಕೋಡ್ ಐಎಸ್‌ಬಿಎನ್ ಸಂಖ್ಯೆಯೇ ಆಗಿರುತ್ತದೆ.

ಕಾರ್ಖಾನೆಯಲ್ಲಿ ಹುಟ್ಟಿದ ಚೌಕ

ಗೆರೆಯ ಕೋಡಿಗೆ ಅಗಲವೇ ಆಸ್ತಿ, ಎತ್ತರದಲ್ಲಿ ಹೊಸ ಮಾಹಿತಿ ಏನೂ ಇಲ್ಲ. ಸುಮಾರು 20 ಅಕ್ಷರಗಳನ್ನು ಮೀರಿದರೆ ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಟೊಯೊಟಾ ಬಳಗದ ಬಿಡಿಭಾಗ ತಯಾರಕ ಕಂಪನಿ ಡೆನ್ಸೊಗೆ 1990ರ ದಶಕದ ಆರಂಭದಲ್ಲಿ ಇದೇ ತೊಡಕಾಯಿತು. ಒಂದೊಂದು ಪೆಟ್ಟಿಗೆಯ ಮೇಲೂ ಹಲವು ಬಾರ್‌ಕೋಡ್‌ಗಳಿದ್ದು, ಕೆಲಸಗಾರರು ದಿನಕ್ಕೆ ಸಾವಿರದವರೆಗೆ ಸ್ಕ್ಯಾನ್ ಮಾಡಿ ಬಳಲುತ್ತಿದ್ದರು. ಜಪಾನಿ ಲಿಪಿಯನ್ನು ಬರೆಯಲಂತೂ ಆಗುತ್ತಿರಲಿಲ್ಲ.

ಎಂಜಿನಿಯರ್ ಮಸಾಹಿರೊ ಹರಾ ಒಬ್ಬ ಸಹೋದ್ಯೋಗಿಯ ಜೊತೆ ಈ ಕೆಲಸ ಕೈಗೆತ್ತಿಕೊಂಡರು. ಊಟದ ಬಿಡುವಿನಲ್ಲಿ ಅವರು ಆಡುತ್ತಿದ್ದ 'ಗೋ' ಎಂಬ ಆಟದ ಮಣೆಯಲ್ಲಿ ಕಪ್ಪು ಬಿಳಿ ಕಾಯಿಗಳು ಅಡ್ಡಕ್ಕೂ ಉದ್ದಕ್ಕೂ ಹರಡಿರುತ್ತವೆ. ಮಾಹಿತಿಯನ್ನೂ ಹಾಗೇ ಎರಡು ದಿಕ್ಕಿನಲ್ಲಿ ತುಂಬಬಹುದೆಂಬ ಯೋಚನೆ ಅದರಿಂದ ಬಲಗೊಂಡಿತು. ಆದರೆ ಸುತ್ತಲಿನ ಅಕ್ಷರ, ಚಿತ್ರಗಳ ನಡುವೆ ಕೋಡ್ ಎಲ್ಲಿದೆ ಎಂದು ಯಂತ್ರ ತಟ್ಟನೆ ಗುರುತಿಸಬೇಕಲ್ಲ? ಅದಕ್ಕೆ ಮೂರು ಮೂಲೆಗಳಲ್ಲಿ ಚೌಕದೊಳಗೊಂದು ಚೌಕ ಇಡಲಾಯಿತು. ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆಗಳ ಮೇಲಿನ ಮುದ್ರಣವನ್ನೆಲ್ಲ ಅಳೆದು ನೋಡಿ, ಕಪ್ಪು ಬಿಳುಪುಗಳ ಯಾವ ಅನುಪಾತ ಅಲ್ಲಿ ಅತ್ಯಂತ ಅಪರೂಪವೋ ಅದನ್ನೇ ಆರಿಸಿದರು. ಅದು 1:1:3:1:1. ಆ ಚೌಕಗಳ ನಡುಬಿಂದುವಿನ ಮೂಲಕ ಯಾವ ಕೋನದಲ್ಲಿ ಗೆರೆ ಎಳೆದರೂ ಇದೇ ಅನುಪಾತ ಸಿಗುವುದರಿಂದ ಕೋಡನ್ನು ಓರೆಯಾಗಿ ಹಿಡಿದರೂ ಸರಿಯೇ. 1994ರಲ್ಲಿ ಪ್ರಕಟವಾದ ಇದರ ಹೆಸರಿನಲ್ಲಿರುವ 'ಕ್ಯುಆರ್' ಎಂದರೆ ಕ್ವಿಕ್ ರೆಸ್ಪಾನ್ಸ್, ಥಟ್ಟನೆ ಉತ್ತರ ಕೊಡುವುದು.

ಅತಿ ಚಿಕ್ಕ ಕ್ಯುಆರ್ ಕೋಡಿನಲ್ಲಿ ಅಡ್ಡಕ್ಕೂ ಉದ್ದಕ್ಕೂ 21 ಮನೆಗಳಿರುತ್ತವೆ, ಅತಿ ದೊಡ್ಡದರಲ್ಲಿ 177. ದೊಡ್ಡದರಲ್ಲಿ 7,089 ಅಂಕಿಗಳವರೆಗೆ ಹಿಡಿಸುತ್ತವೆ. ಕಾರ್ಖಾನೆಯಲ್ಲಿ ಚೀಟಿಗೆ ಎಣ್ಣೆ, ಕೊಳೆ ಮೆತ್ತುವುದು ಸಹಜ. ಆದ್ದರಿಂದ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಕೊಟ್ಟ ದೋಷ ತಿದ್ದುವ ಸೂತ್ರವನ್ನು ಇದರಲ್ಲಿ ಅಳವಡಿಸಲಾಯಿತು. ಗೀರು ಬಿದ್ದ ಸಿ.ಡಿ. ಹಾಡುವುದೂ ಇದೇ ಸೂತ್ರದ ಬಲದಿಂದ. ಆರಿಸಿದ ಮಟ್ಟಕ್ಕೆ ತಕ್ಕಂತೆ ಸುಮಾರು ಶೇ 7ರಿಂದ ಶೇ 30ರಷ್ಟು ಭಾಗ ಹಾಳಾದರೂ ಕೋಡ್ ಓದಿಸಿಕೊಳ್ಳುತ್ತದೆ. ನಡುವೆ ಕಂಪನಿಯ ಚಿಹ್ನೆ ಕೂರಿಸಿದ ಕೋಡ್‌ಗಳು ಕೆಲಸ ಮಾಡುವ ಗುಟ್ಟು ಇದೇ. ಅಲ್ಲಿ ಚಿಹ್ನೆಯೇ ಒಂದು ಕಲೆ. ಕೋಡಿನ ಸುತ್ತ ನಾಲ್ಕು ಮನೆಗಳಷ್ಟು ಬಿಳಿ ಅಂಚು ಬಿಡದಿದ್ದರೆ ಮಾತ್ರ ಓದು ತಡವರಿಸುತ್ತದೆ.

ಪೇಟೆಂಟ್ ತನ್ನದಾಗಿದ್ದರೂ ನಿಗದಿತ ಮಾದರಿಯಂತೆ ಬಳಸುವವರ ಮೇಲೆ ಹಕ್ಕು ಚಲಾಯಿಸುವುದಿಲ್ಲ ಎಂದು ಕಂಪನಿ ಘೋಷಿಸಿತು. 2000ದಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಕೋಡ್ ಓದುವ ಕ್ಯಾಮೆರಾ ಫೋನ್‌ಗಳು 2002ರಲ್ಲಿ ಜಪಾನಿನಲ್ಲಿ ಬಂದ ಮೇಲೆ ಸ್ಕ್ಯಾನರ್ ಎಂಬ ಪ್ರತ್ಯೇಕ ಯಂತ್ರವೇ ಬೇಡವಾಯಿತು.

ಬೀದಿಗೆ ಬಂದ ಕೋಡ್

ಅಲ್ಲಿಯವರೆಗೆ ಸ್ಕ್ಯಾನರ್ ಇದ್ದದ್ದು ಅಂಗಡಿಯವನ ಕೈಯಲ್ಲಿ, ಕೋಡ್ ಇದ್ದದ್ದು ಸರಕಿನ ಮೇಲೆ. ಫೋನಿನಿಂದ ಹಣ ಕೊಡುವ ಪದ್ಧತಿ ಇದನ್ನು ಅದಲುಬದಲು ಮಾಡಿತು. ಕೋಡ್ ಅಂಗಡಿಯ ಗುರುತಾಯಿತು, ಅದನ್ನು ಓದುವ ಯಂತ್ರ ಗಿರಾಕಿಯ ಜೇಬು ಸೇರಿತು. ಚೀನಾದಲ್ಲಿ ಇದು 2011ರ ಹೊತ್ತಿಗೆ ಶುರುವಾಗಿತ್ತು. ಭಾರತದಲ್ಲಿ 2016ರ ಏಪ್ರಿಲ್‌ನಲ್ಲಿ ಬ್ಯಾಂಕ್ ಖಾತೆಯಿಂದ ಖಾತೆಗೆ ಫೋನಿನಲ್ಲೇ ಹಣ ಕಳಿಸುವ ಯುಪಿಐ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಜನರನ್ನು ಅದರತ್ತ ತಳ್ಳಿತು, ಡಿಸೆಂಬರ್ 30ರಂದು ಯುಪಿಐ ಪಾವತಿಯ ಭೀಮ್ ಆ್ಯಪ್ ಬಂತು. ಬೆಂಗಳೂರಿನ ಫೋನ್‌ಪೇಯಂಥ ಕಂಪನಿಗಳು ಅಂಗಡಿ ಅಂಗಡಿಗೂ ಕೋಡ್ ಅಂಟಿಸಿದವು.

ಕಾರ್ಡ್ ಉಜ್ಜುವ ಯಂತ್ರಕ್ಕೆ ಬಾಡಿಗೆ, ಕರೆಂಟು, ಸಂಪರ್ಕ ಎಲ್ಲ ಬೇಕು. ಅಚ್ಚು ಹಾಕಿದ ಚೌಕಕ್ಕೆ ಇದಾವುದೂ ಬೇಡ. ಅದರಲ್ಲಿರುವುದು ವ್ಯಾಪಾರಿಯ ಹೆಸರು ಮತ್ತು ಯುಪಿಐ ವಿಳಾಸ, ಮೊತ್ತವನ್ನು ಗಿರಾಕಿ ಒತ್ತುತ್ತಾನೆ. ದೊಡ್ಡ ಅಂಗಡಿಗಳಲ್ಲಿ ಬಿಲ್ಲಿಗೊಂದರಂತೆ ಮೂಡುವ ಕೋಡಿನಲ್ಲಿ ಮೊತ್ತವೂ ಸೇರಿರುತ್ತದೆ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯ ಮೇಲೆ ಶುಲ್ಕ ಬೀಳದಂತಾಯಿತು. ಕಂಪನಿಗೊಂದು ಕೋಡ್ ಎಂಬ ಗೊಂದಲ ನೀಗಲು ಯಾವ ಆ್ಯಪ್‌ನಿಂದಲಾದರೂ ಓದಬಲ್ಲ ಕೋಡ್‌ಗಳಿಗೇ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತು. ದುಡ್ಡು ಬಂತೋ ಇಲ್ಲವೋ ಎಂದು ವ್ಯಾಪಾರಿ ಫೋನ್ ನೋಡುವ ಕಷ್ಟವನ್ನು, ಬಂದ ಮೊತ್ತವನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕೂಗಿ ಹೇಳುವ ಪೆಟ್ಟಿಗೆ ತಪ್ಪಿಸಿತು. 2022ರ ನವೆಂಬರ್ 1ರಿಂದ ಬೆಂಗಳೂರಿನ 'ನಮ್ಮ ಮೆಟ್ರೊ' ಟಿಕೆಟ್ ಕೂಡ ಫೋನಿನ ಕ್ಯುಆರ್ ಕೋಡ್ ಆಗಿ ಸಿಗತೊಡಗಿತು.

ಕಣ್ಣಿಗೆ ಎಲ್ಲ ಚೌಕಗಳೂ ಒಂದೇ ಥರ ಕಾಣುವುದು ಈ ಕೋಡಿನ ದೌರ್ಬಲ್ಯ. ಅಂಗಡಿಯ ಕೋಡಿನ ಮೇಲೆ ಇನ್ನೊಂದನ್ನು ಅಂಟಿಸಿ ಹಣ ಬೇರೆಡೆಗೆ ಹರಿಸುವ ಮೋಸ ಹುಟ್ಟಿದ್ದು ಇದರಿಂದಲೇ. ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಮೂಡುವ ಹೆಸರನ್ನು ಓದಿ ಪಿನ್ ಒತ್ತುವುದು ಇದಕ್ಕೆ ಇರುವ ಮದ್ದು. ಹಣ ಪಡೆಯಲು ಸ್ಕ್ಯಾನ್ ಬೇಕಿಲ್ಲ, ಪಿನ್ನೂ ಬೇಕಿಲ್ಲ. ಹಣ ಕಳಿಸುತ್ತೇವೆಂದು ಹೇಳಿ ಅವನ್ನು ಕೇಳುವವರು ಕೊಡುವವರಲ್ಲ, ಕೀಳುವವರು.

ಸೂಪರ್‌ಮಾರ್ಕೆಟ್‌ನಲ್ಲಿ ವೇಗದ ಬೆನ್ನಿಗೆ ಬಂದ ಲೆಕ್ಕ ಬೀದಿಯಲ್ಲೂ ಬಂತು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಚೌಕ ಇಳಿದು ನಗದು ಮಾತ್ರ ಎಂಬ ಚೀಟಿ ಏರಿತು.

ಮತ್ತೆ ಸರಕಿನ ಮೇಲೆ

ಬೀದಿ ಸುತ್ತಿದ ಚೌಕ ಈಗ ಪೊಟ್ಟಣಕ್ಕೆ ಮರಳುತ್ತಿದೆ. 2023ರ ಆಗಸ್ಟ್ 1ರಿಂದ ಭಾರತದಲ್ಲಿ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯುಆರ್ ಕೋಡ್ ಕಡ್ಡಾಯವಾಯಿತು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನ ಅದರಲ್ಲಿರಬೇಕು. 2027ರ ಕೊನೆಯ ಹೊತ್ತಿಗೆ ಅಂಗಡಿಗಳ ಗಲ್ಲಾ ಯಂತ್ರಗಳು ಗೆರೆಯ ಜೊತೆಗೆ ಚೌಕವನ್ನೂ ಓದುವಂತಾಗಬೇಕೆಂಬುದು ಜಿಎಸ್1 ಸಂಸ್ಥೆಯ ಗುರಿ. ಗೆರೆಯ ಕೋಡಿಗೆ ಬಿಸ್ಕತ್ತು ಯಾವುದೆಂದು ಗೊತ್ತು, ಹಳತೋ ಹೊಸತೋ ಎಂದು ಗೊತ್ತಿಲ್ಲ. ಅವಧಿಯ ದಿನವೂ ಚೌಕದಲ್ಲಿ ಸೇರಿದರೆ ದಿನ ಮೀರಿದ ಪೊಟ್ಟಣವನ್ನು ಗಲ್ಲಾದಲ್ಲೇ ತಡೆಯಬಹುದು.